ಯತ್ತಪ್ಪ ಎಣಿಸದ ಲೋಲಾಕು

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ನನಗಾಗಿಯೇ ಹೇಳಿರಬೇಕು. ಯಾರನ್ನೂ ನಾನು ಸುಲಭಕ್ಕೆ ನಂಬುವವನಲ್ಲ. ಚಿತ್ರದುರ್ಗದ ಹಳೇ ನಾಟಕ ಮಂದಿರಕ್ಕೆ ಮ್ಯಾನೇಜರಾಗಿ ಬಂದ ದಿನವೇ ಯತ್ತಪ್ಪನ ಮೇಲೆ ಕಣ್ಣಿಟ್ಟೆ.

ಯಲ್ಲದಕೆರೆಯ ಕುರಿಗಾರರ ಮನೆಯವನು ಅವನು. ಸಭಾಂಗಣದ ನಡುವೆ ತೂಗುವ ದೊಡ್ಡ ಗಾಜಿನ ದೀಪದ ಗೊಂಚಲನ್ನು ಇಪ್ಪತ್ತಾರು ವರ್ಷದಿಂದ ಅವನೊಬ್ಬನೇ ತೊಳೆಯುತ್ತಿದ್ದ. ರಾಟೆ ತಿರುಗಿಸಿ ಗೊಂಚಲನ್ನು ಇಳಿಸುವುದು, ಅಡಿಗೆ ಕಂಬಳಿ ಹಾಸುವುದು, ಗಾಜಿನ ಲೋಲಾಕುಗಳನ್ನು ಒಂದೊಂದಾಗಿ ಬಿಚ್ಚಿ ಅಂಟವಾಳದ ನೀರಲ್ಲಿ ಅದ್ದಿ, ಹಳೇ ಪಂಚೆಯಲ್ಲಿ ಒರೆಸಿ ಮತ್ತೆ ಸಿಕ್ಕಿಸುವುದು. ಮೂರು ದಿನದ ಕೆಲಸ. ಅವಸರ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

"ಒಟ್ಟು ಎಷ್ಟವೆ?" ಎಂದು ಕೇಳಿದೆ.

"ಎಣ್ಸಲ್ಲ ಸಾ. ಕುರಿ ಎಣ್ಸಿದ್ರೆ ಕಮ್ಮಿ ಆಗ್ತವೆ ಅಂತಾರೆ ನಮ್ಮಲ್ಲಿ. ಮಕ ನೋಡಿದ್ರೆ ಗೊತ್ತಾಗ್ತೈತೆ."

ಗಾಜಿಗೆಂಥ ಮುಖ? ಹಿಂದಿನ ಮ್ಯಾನೇಜರುಗಳೆಲ್ಲ ಟೋಪಿ ಹಾಕಿಸಿಕೊಂಡಿರಬೇಕು ಎಂದುಕೊಂಡೆ. ಈ ಸಲ ಗೊಂಚಲು ಇಳಿಸಿದಾಗ, ಅವನು ಊಟಕ್ಕೆ ಹೋದ ಹೊತ್ತು ನೋಡಿ ಒಂದು ಲೋಲಾಕು ಬಿಚ್ಚಿ ನನ್ನ ಡ್ರಾಯರಿಗೆ ಹಾಕಿದೆ. ಆ ಜಾಗಕ್ಕೆ ಫ್ಯಾನ್ಸಿ ಅಂಗಡಿಯಿಂದ ತಂದ ಪ್ಲಾಸ್ಟಿಕ್ಕಿನದೊಂದು ಸಿಕ್ಕಿಸಿದೆ. ಬಂದು ಹೇಳಿದರೆ ಪ್ರಾಮಾಣಿಕ. ಹೇಳದಿದ್ದರೆ ಕಳ್ಳ, ಮನೆಗೆ ಕಳಿಸುವುದು.

ಅವನು ಹೇಳಲಿಲ್ಲ. ಗೊಂಚಲು ಮೇಲೇರಿತು. ನನಗೆ ಖುಷಿಯೋ ಖುಷಿ.

ಮರುದಿನ ನನ್ನ ಕೋಣೆಯಲ್ಲೇ ಕಮಿಟಿ ಸಭೆ. ಯತ್ತಪ್ಪನನ್ನು ಕರೆಸಿ, ಅಧ್ಯಕ್ಷ ಶಿವಕುಮಾರಪ್ಪನವರ ಎದುರೇ ಕೇಳಿದೆ: "ಗೊಂಚಲಲ್ಲಿ ಒಂದು ಪ್ಲಾಸ್ಟಿಕ್ ಐತಲ್ಲ, ಅಸಲಿದು ಎಲ್ಲಿ ಹೋಯ್ತು?"

ಯತ್ತಪ್ಪ ತಲೆ ತಗ್ಗಿಸಿದ. "ಬ್ಯಾಡ ಬಿಡ್ರಿ ಸಾ."

"ಬಾಯಿ ಬಿಡಪ್ಪ. ಇಲ್ಲಾಂದ್ರೆ ಕೆಲ್ಸ ಹೋಗ್ತೈತೆ ನೋಡು," ಎಂದರು ಶಿವಕುಮಾರಪ್ಪ.

ಅವನು ಅವರ ಕಡೆ ತಿರುಗಿದ. "ನೋಡಿದ್ದೆ ಸಾಮಿ. ಮೂರನೇ ಸುತ್ತಿಂದು, ತುದೀಲಿ ಸಣ್ಣ ಗುಳ್ಳೆ ಇರೋದು. ಬಾಗ್ಲಿಗೆ ಬೀಗ ಹಾಕ್ಕಂಡೇ ಉಣ್ಣಾಕೆ ಹೋಗಿದ್ದೆ. ಇನ್ನೊಂದು ಬೀಗದ ಕೈ ಇರಾದು ಮ್ಯಾನೇಜರ್ ಸಾಹೇಬ್ರತ್ರ. ಏನ್ ಕಷ್ಟ ಬಂದಿತ್ತೋ, ದೊಡ್ಡೋರ ಹೆಸ್ರು ಯಾಕೆ ಕೆಡಿಸ್ಬೇಕು ಅಂತ ಸುಮ್ಕಿದ್ದೆ."

ಎಲ್ಲರೂ ನನ್ನ ಕಡೆ ನೋಡಿದರು. ಡ್ರಾಯರ್ ಎಳೆದು ಲೋಲಾಕನ್ನು ಮೇಜಿನ ಮೇಲಿಟ್ಟೆ. ಅವನನ್ನು ಪರೀಕ್ಷೆ ಮಾಡಲೆಂದೇ ತೆಗೆದದ್ದು ಎಂದು ಎರಡೆರಡು ಸಲ ಹೇಳಿದೆ. ಒಬ್ಬರೂ ನಂಬಲಿಲ್ಲ.

"ಇದ್ರೂ ಇರ್ಬೋದು ಬಿಡ್ರಿ, ಪಾಪ," ಎಂದವನು ಯತ್ತಪ್ಪನೊಬ್ಬನೇ.