ತೆಪ್ಪ ಬೋರಲಾದ ದಿನ

ಉಚ್ಚಂಗೆಮ್ಮನಿಗೆ ನೆಲದ ಮೇಲೆ ಮಲಗಿದರೆ ನಿದ್ದೆ ಹತ್ತುತ್ತಿರಲಿಲ್ಲ. ಮರಿಯಮ್ಮನಹಳ್ಳಿಯ ಆಚೆ, ಡ್ಯಾಮಿನ ಹಿನ್ನೀರಿನಲ್ಲಿ, ಗಂಡ ಹಂಪಯ್ಯನ ಜೊತೆ ದುಂಡನೆಯ ಬಿದಿರಿನ ತೆಪ್ಪದಲ್ಲೇ ಅವಳ ಮೂವತ್ತು ವರ್ಷ ಕಳೆದುಹೋಗಿದ್ದವು. ವರ್ಷಕ್ಕೆ ಎಂಟು ತಿಂಗಳು ಅಡುಗೆ, ಊಟ, ಮಲಗುವುದು ಎಲ್ಲ ಅದರಲ್ಲೇ. ಒಂದು ಮಗ್ಗುಲಿಗೆ ಸ್ಟೌ, ಇನ್ನೊಂದು ಮಗ್ಗುಲಿಗೆ ಬಲೆಯ ರಾಶಿ, ನಡುವೆ ಇಬ್ಬರು ಕಾಲು ಮಡಚಿಕೊಂಡು ಮಲಗುವಷ್ಟು ಜಾಗ. ದಡಕ್ಕಿಳಿದರೆ ಮೊದಲ ಒಂದು ತಾಸು ನೆಲವೇ ತೂಗಿದಂತಾಗುತ್ತಿತ್ತು ಅವಳಿಗೆ.

ಆ ಎಂಟು ತಿಂಗಳಲ್ಲಿ ಇಡೀ ದಿನ ದಡದಲ್ಲಿ ಆರಾಮಾಗಿ ತಿರುಗಾಡುವ ಭಾಗ್ಯ ತೆಪ್ಪಕ್ಕೆ ಡಾಂಬರು ಬಳಿದಾಗ ಮಾತ್ರ. ತೆಪ್ಪವನ್ನು ಬೋರಲು ಹಾಕಿ ಎರಡು ದಿನ ಒಣಗಿಸಬೇಕು, ಮೂರನೆಯ ದಿನ ಕಾಯಿಸಿದ ಡಾಂಬರು ಬಳಿಯಬೇಕು. ಬಿದಿರಿನಲ್ಲಿ, ಅದರ ಮೇಲಿನ ಚೀಲದ ಬಟ್ಟೆಯಲ್ಲಿ ಒಂದಿಷ್ಟು ಪಸೆ ಉಳಿದರೂ ಡಾಂಬರು ಕಚ್ಚುವುದಿಲ್ಲ, ಸುಮ್ಮನೆ ಮೇಲೆ ಕೂತಿರುತ್ತದೆ. ಇದು ಹಂಪಯ್ಯನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಸಲ, ಏಪ್ರಿಲ್ ತಿಂಗಳು, ನೀರು ತಳ ಕಂಡಿತ್ತು. ಮುಳುಗಿದ ಹಳೆ ಊರಿನ ಗುಡಿಯ ಕಂಬವೊಂದು ನೀರಿನ ಕೆಳಗೆ ಗೇಣುದ್ದದಲ್ಲಿ ಕಾದು ಕೂತಿತ್ತು. ಬಲೆ ಬಿಟ್ಟು ತಿರುಗುವಾಗ ತೆಪ್ಪದ ಹೊಟ್ಟೆ ಅದಕ್ಕೆ ತಾಗಿ ಹರಿಯಿತು. ಉಚ್ಚಂಗೆಮ್ಮ ಬೋಗುಣಿಯಿಂದ ನೀರು ಮೊಗೆದು ಚೆಲ್ಲುತ್ತಾ, ಹಂಪಯ್ಯ ಹುಟ್ಟು ಹಾಕುತ್ತಾ, ಹೊತ್ತು ಮುಳುಗುವಾಗ ದಡ ಮುಟ್ಟಿದರು. ಬಲೆಗಳು ಎರಡು ಮೈಲಿ ಒಳಗೆ ಉಳಿದವು.

ಮರುದಿನ ಬೆಳಕು ಹರಿಯುವ ಮೊದಲೇ ಹಂಪಯ್ಯ ಒಲೆ ಹೂಡಿ ಡಾಂಬರು ಕಾಯಿಸಿದ. ಎರಡು ದಿನ ಕಾದರೆ ಮೀನು ಕೊಳೆಯುತ್ತವೆ, ಬಲೆಯನ್ನು ಇನ್ನಾರೋ ಎತ್ತಿಕೊಂಡು ಹೋಗುತ್ತಾರೆ, ಸಂಜೆಗೆ ಹೋಗಿ ತರುತ್ತೇನೆ ಎಂದ. ಹರಿದ ಬಟ್ಟೆ ಹೊಲಿದು, ಆ ಜಾಗಕ್ಕೆ, ಅದರ ಸುತ್ತಲೂ, ಕೊನೆಗೆ ಇಡೀ ತಳಕ್ಕೆ ಬಳಿದ. ಬಿಸಿಲೇರಿದಾಗ ಉಚ್ಚಂಗೆಮ್ಮ ತಲೆ ಬಾಚಿಕೊಂಡು ಬಂದು ನೋಡಿದಳು. ಕರಿಯ ತಳದ ಮೇಲೆ ಕರಿದ ಹಪ್ಪಳದ ಮೇಲೇಳುವಂಥ ಒಂದು ಗುಳ್ಳೆ ಎದ್ದಿತ್ತು.

"ಇಲ್ಲಿ ನೋಡ್ರಿ. ಒಳಗ ಪಸಿ ಐತಿ."

"ಬಿಸಿಲಿಗೆ ಎದ್ದೈತಲೇ ಅದು. ಸಂಜಿಗೆ ತಾನ ಕುಂದ್ರತೈತಿ. ವರ್ಷಕ್ಕೊಂದು ದಿನ ಊರು ನೋಡಾಕ ಹೊಂಟೀವಿ, ಹಂಗ ಮಾರಿ ಗಂಟು ಹಾಕ್ಕೋಬ್ಯಾಡ."

ಹೊಸಪೇಟೆಯ ಬಸ್ಸಿನಲ್ಲಿ ಕೂತರೂ ಆ ಗುಳ್ಳೆ ಅವಳ ಕಣ್ಣಿಂದ ಹೋಗಲಿಲ್ಲ. ಅವಳಿಗೆ ಎಂಟು ವರ್ಷವಿದ್ದಾಗ ಅಣ್ಣ ಮೈಲಾರಲಿಂಗಪ್ಪ ಇಂಥದ್ದೇ ಅವಸರದ ಡಾಂಬರಿನ ಮೇಲೆ ನೀರಿಗಿಳಿದಿದ್ದ. ಮೂರನೆಯ ದಿನ ದಡಕ್ಕೆ ಏನೋ ಕಪ್ಪಗೆ ತೇಲಿ ಬಂತು. ಯಾರದ್ದೋ ಎಮ್ಮೆಯ ತೊಗಲು ಸುಲಿದು ಒಗೆದಿದ್ದಾರೆ ಅಂದುಕೊಂಡು ಮಕ್ಕಳೆಲ್ಲ ಕೋಲಿನಿಂದ ತಿವಿದರು. ಅವಳೂ ತಿವಿದಳು. ಅಪ್ಪ ಓಡಿ ಬಂದು ಅದನ್ನು ಎರಡೂ ಕೈಯಿಂದ ಎತ್ತಿಕೊಂಡಾಗ ಅದು ಅಣ್ಣನ ತೆಪ್ಪದ ಡಾಂಬರು ಎಂದು ತಿಳಿಯಿತು. ಅಣ್ಣ ಸಿಕ್ಕಿದ್ದು ಅದಾದ ಎರಡು ದಿನಕ್ಕೆ.

ಹೊಸಪೇಟೆಯಲ್ಲಿ ಹಂಪಯ್ಯ ಗಡ್ಡ ಬೋಳಿಸಿಕೊಂಡ, ಮುಖಕ್ಕೆ ಪೌಡರ್ ಹಾಕಿಸಿಕೊಂಡು ಮದುಮಗನ ಹಾಗೆ ಹೊರಗೆ ಬಂದ. ಇಬ್ಬರೂ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ತಿಂದರು. ಅವನು ಅವಳಿಗೆ ಎರಡು ಮೊಳ ಮಲ್ಲಿಗೆ ಕೊಡಿಸಿದ. ಬೇರೆ ದಿನವಾಗಿದ್ದರೆ ಅವಳು ಆ ಹೂವಿನ ಮಾತನ್ನು ತಿಂಗಳುಗಟ್ಟಲೆ ಆಡುತ್ತಿದ್ದಳು. ಆ ದಿನ ಮುಡಿದದ್ದೂ ಗೊತ್ತಾಗಲಿಲ್ಲ.

ಮಧ್ಯಾಹ್ನ ಹಂಪಿಗೆ ಹೋದರು. ವಿರೂಪಾಕ್ಷನಿಗೆ ಕೈಮುಗಿದು ಹೊಳೆದಂಡೆಗೆ ಇಳಿದರೆ ಅವಳ ಅಕ್ಕನ ಮಗ ಶ್ರೀನಿವಾಸ ಪ್ರವಾಸಿಗಳನ್ನು ತೆಪ್ಪದಲ್ಲಿ ಕೂರಿಸಿ ಗಿರ್ರನೆ ತಿರುಗಿಸುತ್ತಿದ್ದ. ಅವರು ಕೇಕೆ ಹಾಕುತ್ತಿದ್ದರು. ತಲೆ ತಿರುಗಿಸಿಕೊಳ್ಳಲು ದುಡ್ಡು ಕೊಡುವವರನ್ನು ಕಂಡು ಹಂಪಯ್ಯ ಹೊಟ್ಟೆ ಹಿಡಿದು ನಕ್ಕ. ಶ್ರೀನಿವಾಸ ಇವರನ್ನೂ ಕೂರಲು ಕರೆದ. ತಮ್ಮ ತೆಪ್ಪ ಬೋರಲಿದ್ದ ದಿನ ಮತ್ತೊಬ್ಬರ ತೆಪ್ಪ ಹತ್ತಬಾರದೆಂಬುದು ಅವರ ಕಡೆಯ ರೂಢಿ. ಉಚ್ಚಂಗೆಮ್ಮ ಒಲ್ಲೆ ಎಂದಳು. ಹಂಪಯ್ಯ ಬೀಡಿ ಹಚ್ಚಿಕೊಂಡು ಬಂಡೆಯ ನೆರಳಿಗೆ ಹೋದ ಮೇಲೆ, ತೆಪ್ಪ ಹೆಣೆಯುವುದರಲ್ಲಿ ಪಳಗಿದ ಆ ಹುಡುಗನ ಕಿವಿಯಲ್ಲಿ ಗುಳ್ಳೆಯ ಸಂಗತಿ ಹೇಳಿದಳು.

ಶ್ರೀನಿವಾಸನ ನಗು ನಿಂತುಹೋಯಿತು.

"ಚಿಗವ್ವ, ಒಂದು ಪಿನ್ನು ಚುಚ್ಚಿ ನೋಡ್ರಿ. ಬರೇ ಗಾಳಿ ಬಂದ್ರ ಚಿಂತಿಲ್ಲ. ನೀರು ಬಂತಂದ್ರ ಮಾತ್ರ ಚಿಗಪ್ಪನ ಕಾಲು ಹಿಡಕೊಂಡಾದ್ರೂ ನಿಲ್ಲಸ್ರಿ."

ಅಲ್ಲಿಂದ ಅವಳು ಹೊತ್ತು ಕಳೆಯುವ ಆಟ ಹೂಡಿದಳು. ಕತ್ತಲಾದರೆ ಅವನು ನೀರಿಗಿಳಿಯುವುದಿಲ್ಲ ಎಂಬ ಆಸೆ. ಹೊಸಪೇಟೆಯಲ್ಲಿ ಇಳಿದು ಮತ್ತೊಂದು ಚಹಾ ಬೇಕೆಂದಳು. ಬಳೆ ಅಂಗಡಿಯಲ್ಲಿ ಹಸಿರು ತೆಗೆಸಿ, ಕೆಂಪು ತೆಗೆಸಿ, ಏನೂ ಕೊಳ್ಳದೆ ಎದ್ದಳು. ಕಾಲು ನೋಯುತ್ತವೆಂದು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಳು. ಇವತ್ತು ಭಾಳ ಆಸೆ ಹುಟ್ಟಿದೆ ನಿನಗೆ ಎಂದು ಹಂಪಯ್ಯ ಮೊದಲು ಕಿಚಾಯಿಸಿದ, ಆಮೇಲೆ ಹೊತ್ತು ನೋಡತೊಡಗಿದ. ಎರಡು ಬಸ್ಸು ತಪ್ಪಿದವು. ಮೂರನೆಯದಕ್ಕೆ ಅವಳ ರಟ್ಟೆ ಹಿಡಿದು ಹತ್ತಿಸಿದ.

ದಡ ಮುಟ್ಟಿದಾಗ ಹೊತ್ತು ನೀರಿಗಿಂತ ಒಂದು ಮಾರು ಮೇಲಿತ್ತು. ಬೆನ್ನ ಹಿಂದೆ ಸಂಡೂರಿನ ಗುಡ್ಡಗಳು ಕೆಂಪಗೆ ಹೊಳೆಯುತ್ತಿದ್ದವು. ಎದುರಿಗೆ, ಪಡುವಣದಲ್ಲಿ, ನೀರೂ ಮೋಡವೂ ಒಂದೇ ಬಣ್ಣ. ಗಾಳಿ ಎಲೆ ಅಲುಗದಷ್ಟು ನಿಂತಿತ್ತು. ಬೆಳಿಗ್ಗೆ ದಡದಲ್ಲಿ ಕೂತಿದ್ದ ಕೊಕ್ಕರೆಗಳಲ್ಲಿ ಒಂದೂ ಇರಲಿಲ್ಲ.

ಗುಳ್ಳೆ ಕೂತಿರಲಿಲ್ಲ. ಒಂದಿದ್ದದ್ದು ಏಳಾಗಿತ್ತು.

ಹಂಪಯ್ಯ ಅತ್ತ ನೋಡಲೇ ಇಲ್ಲ. ಲುಂಗಿ ಎತ್ತಿಕಟ್ಟಿ ತೆಪ್ಪದ ಅಂಚಿಗೆ ಕೈ ಹಾಕಿದ, ಆ ಕಡೆ ಹಿಡಿ ಎಂದ. ಉಚ್ಚಂಗೆಮ್ಮ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿದಳು. ಎಲ್ಲಕ್ಕಿಂತ ದೊಡ್ಡ ಗುಳ್ಳೆಗೆ ಚುಚ್ಚಿದಳು. ಮೊದಲು ಉಸಿರು ಬಿಟ್ಟ ಹಾಗೆ ಗಾಳಿ ಬಂತು. ಅದರ ಹಿಂದೆಯೇ ಒಂದು ಹನಿ, ಮತ್ತೊಂದು, ಆಮೇಲೆ ಕಣ್ಣೀರಿನಂತೆ ತೆಳ್ಳಗೆ ಧಾರೆ ಇಳಿಯಿತು.

"ಹೊಸಾ ಡಾಂಬರಿಗೆ ತೂತು ಹಾಕತೀಯಲ್ಲಲೇ," ಎಂದು ಅವನು ಅವಳ ಕೈ ತಳ್ಳಿದ.

ಅವಳು ಕೈ ತೆಗೆಯಲಿಲ್ಲ. ಎರಡನೆಯದಕ್ಕೆ ಚುಚ್ಚಿದಳು, ಮೂರನೆಯದಕ್ಕೂ ಚುಚ್ಚಿದಳು. ಅದನ್ನು ಗೀರಿ ಅಗಲ ಮಾಡಿದಳು.

"ನಮ್ಮಪ್ಪ ಹಿಂಗ ಒಂದು ತೊಗಲು ಎದಿಗೆ ಅವಚಿಕೊಂಡು ಅತ್ತಿದ್ದ. ನನ್ನ ಕೈಲಿ ಅದಾಗಂಗಿಲ್ಲ. ಹೋಗಾದಾದ್ರ ಇದನ್ನ ಎಳದು ನೋಡಿ ಹೋಗ್ರಿ."

ಹಂಪಯ್ಯ ಸಿಟ್ಟಿನಿಂದಲೇ ಹರಿದ ತುದಿಯನ್ನು ಎಳೆದ. ಬಲ ಹಾಕಬೇಕಾಗಲಿಲ್ಲ. ಬಾಳೆಯ ಸಿಪ್ಪೆಯಂತೆ, ಸದ್ದೇ ಇಲ್ಲದೆ, ಅರ್ಧ ತಳದ ಡಾಂಬರು ಅವನ ಕೈಗೆ ಬಂತು. ಕೆಳಗಿನ ಬಟ್ಟೆ ಒದ್ದೆಯಾಗಿ ಹೊಳೆಯುತ್ತಿತ್ತು. ಅವನು ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತ, ಎಲ್ಲಿ ಇಡಬೇಕೆಂದು ತಿಳಿಯದವನ ಹಾಗೆ.

ಅಷ್ಟರಲ್ಲಿ ನೀರಿನ ಆ ತುದಿಯಲ್ಲಿ ಒಂದು ಬಿಳಿ ಗೆರೆ ಕಂಡಿತು. ನೋಡುನೋಡುತ್ತಾ ಅದು ಹತ್ತಿರ ಬಂತು, ಅದರ ಹಿಂದೆ ಗಾಳಿ ಬಂತು. ಬಲೆ ಬಿಟ್ಟಿದ್ದ ಜಾಗ ತೆರೆಯ ನೊರೆಯಲ್ಲಿ ಅಳಿಸಿಹೋಯಿತು. ಹಂಪಯ್ಯ ಡಾಂಬರನ್ನು ಕೆಳಗಿಟ್ಟು, ಹಾರಿಹೋಗದಂತೆ ಅದರ ಮೇಲೆ ಒಂದು ಕಲ್ಲು ಹೇರಿದ.

"ಚಾ ಇಡು," ಎಂದ.

ತೆಪ್ಪದ ಮರೆಯಲ್ಲಿ ಕೂತು ಉಚ್ಚಂಗೆಮ್ಮ ಸ್ಟೌ ಹಚ್ಚಲು ನೋಡಿದಳು. ಮೂರು ಕಡ್ಡಿ ಗೀರಿದಳು, ಮೂರೂ ಆರಿದವು. ನಾಲ್ಕನೆಯದನ್ನು ತೆಗೆದಾಗ ಹಂಪಯ್ಯ ಬಂದು ಎದುರಿಗೆ ಕೂತ. ಎರಡೂ ಅಂಗೈ ಗಾಳಿಗೆ ಅಡ್ಡ ಹಿಡಿದ. ಅವರ ಕಾಲ ಹತ್ತಿರ, ಒಣ ಮಣ್ಣಿದ್ದಲ್ಲಿಗೆ, ಆಗಲೇ ನೀರು ಬಂದು ಮುಟ್ಟಿ ಹೋಗುತ್ತಿತ್ತು.