ತಂಗಿಯ ಪಾದಕ್ಕೆ ಕೊಂಡ ಶೂ

ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಕಾಲದಲ್ಲಿ, ಸ್ಟಾಫ್ ರೂಮಿನಲ್ಲಿ ಯಾರಾದರೂ ಕನಸಿನಲ್ಲಿ ಕಂಡದ್ದು ಮರುದಿನ ನಿಜವಾಯಿತು ಎಂದು ಶುರು ಮಾಡಿದರೆ ನಾನು ಉತ್ತರಪತ್ರಿಕೆಗಳ ಕಟ್ಟು ಎತ್ತಿಕೊಂಡು ಹೊರಗೆ ನಡೆಯುತ್ತಿದ್ದೆ. ನಿಜವಾಗದ ಕನಸುಗಳ ಲೆಕ್ಕ ಯಾರಿಟ್ಟಿದ್ದಾರೆ ಎಂದು ಕೇಳಿ ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ಈಗ ನನ್ನದೇ ಒಂದು ಸಂಗತಿ ಬರೆಯಲು ಕೂತಿದ್ದೇನೆ. ನೀವೂ ಎದ್ದು ನಡೆದರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಿವೃತ್ತಳಾಗಿ ತುಮಕೂರಿನ ಮನೆಯಲ್ಲಿದ್ದೆ. ನಮ್ಮ ಶಾಲೆಯಲ್ಲೇ ಹಿಂದಿ ಕಲಿಸುತ್ತಿದ್ದ ಶಾಹಿದಾ ಮೇಡಂ ಒಂದು ದಿನ ಬಂದು, ಯುರೋಪ್ ಟೂರ್ ಹೋಗೋಣ ಎಂದರು. ಸರ್ವಿಸ್ ಪೂರ್ತಿ ಗುಬ್ಬಿ ಬಸ್ಸಿನಲ್ಲಿ ನಿಂತು ಓಡಾಡಿದವಳಿಗೆ, ಎಲ್ಲಾದರೂ ಒಂದು ಹಳೆಯ ಊರಿನ ಬೀದಿಗಳಲ್ಲಿ ಕೆಲಸವಿಲ್ಲದೆ ಅಡ್ಡಾಡಬೇಕೆಂಬ ಆಸೆ ಮೊದಲಿನಿಂದಲೂ ಇತ್ತು. ಅಡ್ಡಿಯಾಗಿದ್ದದ್ದು ಕಾಲು. ಹಳೆಯ ಸಕ್ಕರೆ ಕಾಯಿಲೆ ನನ್ನ ಪಾದಗಳ ಸ್ಪರ್ಶಜ್ಞಾನವನ್ನು ತಿಂದುಹಾಕಿತ್ತು. ನಡೆಯಬಲ್ಲೆ, ಆದರೆ ಕಾಲ ಕೆಳಗೆ ಏನಿದೆ ಎಂಬುದು ಗೊತ್ತಾಗುವುದಿಲ್ಲ. ಒಮ್ಮೆ ಬಸ್ ಇಳಿದು ಮನೆಗೆ ಬಂದು ನೋಡಿದರೆ ಒಂದು ಕಾಲಿನಲ್ಲಿ ಚಪ್ಪಲಿಯೇ ಇರಲಿಲ್ಲ. ದಾರಿಯಲ್ಲಿ ನೋಡಿದವರು ಏನಂದುಕೊಂಡರೋ.

ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. "ಹೋಗ್ಬನ್ನಿ ಮೇಡಂ, ಬೇಡ ಅನ್ನಲ್ಲ. ಆದ್ರೆ ಶೂ ಕಚ್ಚಿದ್ರೆ ನಿಮ್ಗೆ ಗೊತ್ತಾಗಲ್ಲ. ಗುಳ್ಳೆ ಎದ್ದು, ಅದು ಹುಣ್ಣಾಗಿ, ಕೀವು ತುಂಬ್ಕೊಂಡ್ರೆ ಬೆರಳು ತೆಗೀಬೇಕಾಗುತ್ತೆ." ನಮ್ಮಮ್ಮನಿಗೂ ಇದೇ ಕಾಯಿಲೆ ಇತ್ತು. ಮೊದಲು ಎರಡು ಬೆರಳು ಹೋದವು, ಆಮೇಲೆ ಪಾದವೇ ಹೋಯಿತು. ಅದನ್ನು ಕಣ್ಣಾರೆ ಕಂಡಿದ್ದ ನನಗೆ ನಿಜಕ್ಕೂ ಭಯವಾಯಿತು.

ಹಾಗಾಗಿ ಒಳ್ಳೆಯ ಶೂ ಬೇಕಿತ್ತು. ಶೂ ಹಾಯಾಗಿದೆಯೇ ಎಂದು ಹೇಳಬೇಕಾದದ್ದು ಕಾಲು. ನನ್ನ ಕಾಲು ಯಾವ ಶೂ ಹಾಕಿದರೂ ಒಂದೇ ಉತ್ತರ ಕೊಡುತ್ತಿತ್ತು. ಕೊನೆಗೆ ಕುಣಿಗಲ್‌ನಲ್ಲಿರುವ ತಂಗಿ ಪದ್ಮಳನ್ನು ಕರೆಸಿದೆ. ನಮ್ಮಿಬ್ಬರ ಪಾದ ಅಳತೆಯಲ್ಲೂ ಆಕಾರದಲ್ಲೂ ಒಂದೇ. ಚಿಕ್ಕಂದಿನಲ್ಲಿ ನನ್ನ ಹೊಸ ಚಪ್ಪಲಿ ಕಚ್ಚಿದರೆ ಅವಳೇ ನಾಲ್ಕು ದಿನ ಹಾಕಿಕೊಂಡು ಸಡಿಲ ಮಾಡಿ ಕೊಡುತ್ತಿದ್ದಳು. ಅಂಗನವಾಡಿಯಲ್ಲಿ ಕೆಲಸ ಅವಳಿಗೆ, ದಿನವೆಲ್ಲ ನಿಂತೇ ಇರುತ್ತಾಳೆ. ಸಕ್ಕರೆ ಕಾಯಿಲೆ ಅವಳ ಹತ್ತಿರ ಸುಳಿದಿಲ್ಲ.

ಸಂಜೆಯ ಹೊತ್ತು ಪಾದ ಸ್ವಲ್ಪ ಊದಿರುತ್ತದೆ, ಆಗಲೇ ಶೂ ನೋಡಬೇಕು ಎಂದು ಡಾಕ್ಟರು ಹೇಳಿದ್ದರಿಂದ ಸಂಜೆ ಎಂ.ಜಿ. ರಸ್ತೆಯ ಅಂಗಡಿಗೆ ಹೋದೆವು. ಪದ್ಮ ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು, ದಪ್ಪ ಸಾಕ್ಸ್ ಏರಿಸಿ, ಒಂದೊಂದೇ ಜೊತೆ ಹಾಕಿಕೊಂಡು ಅಂಗಡಿಯ ಉದ್ದಕ್ಕೂ ನಡೆದಳು. ನಾನು ಸ್ಟೂಲಿನ ಮೇಲೆ ಕೂತು ನೋಡಿದೆ. ಅಂಗಡಿಯ ಸಾಹೇಬರಿಗೆ ತಲೆಬುಡ ತಿಳಿಯಲಿಲ್ಲ.

"ಶೂ ಯಾರಿಗಮ್ಮಾ?"

"ನನಗೆ" ಎಂದೆ.

"ಮತ್ತೆ ಅವ್ರ್ ಯಾಕೆ ನಡೀತಾವ್ರೆ?"

ನನಗೆ ಇಷ್ಟವಾಗಿದ್ದದ್ದು ಬಿಳಿಯದೊಂದು ಜೊತೆ. ಪದ್ಮ ಎರಡು ಹೆಜ್ಜೆ ಇಟ್ಟು ಬಿಚ್ಚಿಬಿಟ್ಟಳು. "ಕಿರುಬೆರಳ ಹತ್ರ ಹಿಡಿಯುತ್ತೆ ಕಣಕ್ಕ, ಬೇಡ." ಕೊನೆಗೆ ಅವಳು ಆರಿಸಿದ್ದು ಅಗಲ ಮೂತಿಯ, ಬೂದಿ ಬಣ್ಣದ, ನೋಡಲು ಒಂದಿಷ್ಟೂ ಚೆನ್ನಾಗಿಲ್ಲದ ಜೊತೆ. ಅದನ್ನು ಕುಣಿಗಲ್‌ಗೆ ಒಯ್ದು, ಕೆರೆ ಏರಿಯ ಮೇಲೆ ಬೆಳಿಗ್ಗೆ ಸಂಜೆ ನಡೆದು, ಮೆತ್ತಗೆ ಮಾಡಿ ತಂದುಕೊಟ್ಟಳು. ಸೀರೆಗೆ ಆ ಶೂ ಹಾಕಿದ್ದಕ್ಕೆ ಬೀದಿಯ ಹೆಂಗಸರು, ಓಟದ ಸ್ಪರ್ಧೆಗೆ ಹೊರಟ್ಯೇನಮ್ಮಾ ಎಂದು ಆಡಿಕೊಂಡರಂತೆ. "ನಾನಂತೂ ಹೋಗಲ್ಲ. ನನ್ನ ಕಾಲಿನ ಅಚ್ಚಾದ್ರೂ ಯುರೋಪ್ ನೋಡ್ಕೊಂಡ್ ಬರ್ಲಿ ಬುಡು" ಎಂದು ನಕ್ಕಳು.

ಪ್ರಾಗ್ ನಗರದಲ್ಲಿ ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ. ಅಲ್ಲಿ ಹಳೆಯ ಬೀದಿಗಳಿಗೆಲ್ಲ ಚಿಕ್ಕ ಚಿಕ್ಕ ಕಲ್ಲು ಹಾಸಿದ್ದಾರೆ. ಜೊತೆಯವರು ಕಾಲು ನೋವು ಎಂದು ಗೊಣಗುತ್ತಿದ್ದರೆ ನಾನೊಬ್ಬಳೇ ಆರಾಮಾಗಿ ನಡೆಯುತ್ತಿದ್ದೆ. ಎರಡನೆಯ ಬೆಳಿಗ್ಗೆ ನದಿಯ ಸೇತುವೆಯ ಮೇಲೆ ಹೋಗುತ್ತಿದ್ದಾಗ ಪದ್ಮಳ ವಾಟ್ಸಾಪ್ ಕಾಲ್ ಬಂತು. ದಿನವೂ ಹೂವಿನ ಚಿತ್ರದ ಗುಡ್ ಮಾರ್ನಿಂಗ್ ಕಳಿಸುತ್ತಿದ್ದಳೇ ಹೊರತು, ನಾನು ಹೊರಟ ಮೇಲೆ ಒಮ್ಮೆಯೂ ಕಾಲ್ ಮಾಡಿರಲಿಲ್ಲ.

"ಅಕ್ಕ, ಎಡಗಾಲಿನ ಶೂ ಬಿಚ್ಚಿ ನೋಡು."

"ಯಾಕೆ, ಏನಾಯ್ತು?"

"ನನ್ನ ಕಿರುಬೆರಳ ಕೆಳಗೆ ಚುಚ್ತಾ ಐತೆ. ಮಕ್ಕಳಿಗೆ ಊಟ ಬಡಿಸ್ತಾ ಇದೀನಿ, ಬರಿಗಾಲಲ್ಲಿ ಇದೀನಿ. ಎಷ್ಟ್ ನೋಡಿದ್ರೂ ಏನೂ ಇಲ್ಲ."

"ನಿನ್ನ ಕಾಲು ನೋವಾದ್ರೆ ನನ್ನ ಶೂ ಯಾಕೆ ಬಿಚ್ಬೇಕೇ? ಹುಚ್ಚಾ ನಿಂಗೆ?" ಎಂದು ಗದರಿ ಫೋನ್ ಇಟ್ಟು ಮುಂದೆ ನಡೆದೆ. ಸೇತುವೆ ದಾಟುವ ಮೊದಲೇ ಮತ್ತೆ ಫೋನ್. ಈ ಸಲ ಅಳುತ್ತಿದ್ದಳು. "ನಿನ್ನ ದಮ್ಮಯ್ಯ ಅಂತೀನಿ, ನಿಂತ್ಕೋ. ನೀನು ನಡೆದಷ್ಟೂ ಜಾಸ್ತಿ ಆಗ್ತಾ ಐತೆ."

ಪಕ್ಕದಲ್ಲಿದ್ದ ಶಾಹಿದಾ ಮೇಡಂಗೆ ಅವಳ ಅಳು ಕೇಳಿಸಿತ್ತು. "ಬಿಚ್ಚಿ ನೋಡೋದ್ರಲ್ಲಿ ಏನ್ ಹೋಗುತ್ತೆ ಮೇಡಂ, ಕೂತ್ಕೊಳ್ಳಿ" ಎಂದು ಕೈ ಹಿಡಿದು ಕೂರಿಸಿದರು. ಬಿಚ್ಚಿದೆ. ಒಳಗೆ ಕಡಲೆಕಾಳಿನಷ್ಟು ದೊಡ್ಡ ಕಲ್ಲಿನ ಚೂರು ಇತ್ತು. ಸಾಕ್ಸ್ ರಕ್ತದಿಂದ ಒದ್ದೆಯಾಗಿತ್ತು. ಕಿರುಬೆರಳ ಕೆಳಗೆ ಚರ್ಮ ಸುಲಿದಿತ್ತು. ನನಗೆ ಏನೂ ಅನ್ನಿಸಿರಲಿಲ್ಲ, ನೋಡುವಾಗಲೂ ಅನ್ನಿಸುತ್ತಿರಲಿಲ್ಲ. ಆ ಪಾದ ಬೇರೆ ಯಾರದೋ ಎಂಬಂತೆ ನೋಡುತ್ತಾ ಕೂತೆ. ಮೇಡಂ ಗಾಯ ತೊಳೆದು ಪಟ್ಟಿ ಕಟ್ಟಿದರು. ಉಳಿದ ಊರುಗಳನ್ನು ಬಸ್ಸಿನ ಕಿಟಕಿಯಿಂದಲೇ ನೋಡಿದೆ.

ತುಮಕೂರಿಗೆ ಬಂದ ಮೇಲೆ ಡಾಕ್ಟರಿಗೆ ತೋರಿಸಿದೆ. ಗಾಯ ಒಣಗುತ್ತಿತ್ತು. "ಅವತ್ತೇ ನೋಡ್ಕೊಂಡಿದ್ದು ಒಳ್ಳೇದಾಯ್ತು. ಸಂಜೆವರೆಗೂ ಅದರ ಮೇಲೇ ನಡೆದಿದ್ರೆ ಕಥೆ ಬೇರೆ ಆಗಿರೋದು" ಎಂದರು.

ಕಾಕತಾಳೀಯ ಎಂದು ನೀವು ಹೇಳಬಹುದು. ನಾನೂ ಹಾಗೆಯೇ ಹೇಳಿಕೊಂಡೆ. ಅಮ್ಮನ ಕಾಲು ನೋಡಿದ್ದ ಪದ್ಮಳಿಗೆ ನನ್ನದೇ ಚಿಂತೆ, ಆ ಚಿಂತೆಯಲ್ಲಿ ತನ್ನ ಕಾಲಿಗೂ ನೋವಿದೆ ಅನ್ನಿಸಿರಬೇಕು. ಈ ವಿವರಣೆ ಹಿಡಿದುಕೊಂಡೇ ಚಾಕಲೇಟ್ ಡಬ್ಬಿಯೊಂದಿಗೆ ಕುಣಿಗಲ್‌ಗೆ ಹೋದೆ. ಅವಳು ಬಿಸಿನೀರಿಗೆ ಉಪ್ಪು ಹಾಕಿ ಎರಡೂ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ಕಣಕಾಲು ಊದಿತ್ತು. ಅಂಗನವಾಡಿಗೆ ರಜೆ ಹಾಕಿದ್ದಳಂತೆ.

"ನೀನು ಹೋದಾಗಿಂದ ಹಿಂಗೇ ಅಕ್ಕ" ಎಂದಳು. "ನಾನು ಫೋನ್ ಮಾಡಿದ್ ಹಿಂದಿನ್ ದಿನ ಎಲ್ಲೋ ಬರೀ ಮೆಟ್ಲು ಇಳಿದ್ಯಾ? ಅವತ್ತು ಸಂಜೆ ಮಂಡಿ ಎರಡೂ ನಡುಗ್ತಿದ್ವು" ಎಂದು ಕೇಳಿದಳು.

ಇಳಿದಿದ್ದೆ. ಪ್ರಾಗ್‌ನ ಕೋಟೆಯಿಂದ ಕೆಳಗೆ ಉದ್ದಕ್ಕೂ ಕಲ್ಲಿನ ಮೆಟ್ಟಿಲುಗಳಿದ್ದವು. ಫೋನಿನ ಚಾರ್ಜ್ ಮುಗಿದು ಅಲ್ಲಿ ಒಂದು ಫೋಟೋ ಕೂಡ ತೆಗೆದಿರಲಿಲ್ಲ. ಅದರ ಬಗ್ಗೆ ಅವಳಿಗೆ ಹೇಳಿದ ನೆನಪೂ ನನಗಿಲ್ಲ. ಶಾಹಿದಾ ಮೇಡಂ ಹೇಳಿರಬಹುದೇ ಎಂದು ಆಮೇಲೆ ಅವರನ್ನೇ ಕೇಳಿದೆ. ಅವರ ಬಳಿ ಪದ್ಮಳ ನಂಬರೇ ಇರಲಿಲ್ಲ. ಅಂದು ಪದ್ಮ ಕೇಳಿದಾಗ ಮಾತ್ರ ನಾನು ಹೌದು ಎನ್ನಲಿಲ್ಲ. ಇಲ್ಲ ಎಂದುಬಿಟ್ಟೆ. ಅವಳು ಹೆದರುವುದು ಬೇಡ ಅನ್ನಿಸಿತು. ಹೆದರಿದ್ದು ನಾನು.

ಇದನ್ನು ಬಗೆಹರಿಸುವುದು ಕಷ್ಟವೇನಲ್ಲ ಎಂದು ನನ್ನ ಹಳೆಯ ಬುದ್ಧಿ ಹೇಳುತ್ತಲೇ ಇತ್ತು. ಅವಳಿಗೆ ತಿಳಿಸದೆ, ತುಮಕೂರಿನಲ್ಲಿ ಕೂತು ನನ್ನ ಪಾದಕ್ಕೆ ಒಂದು ಸೂಜಿ ಚುಚ್ಚಬೇಕು. ಆಮೇಲೆ ಫೋನ್ ಮಾಡಿ, ಹೇಗಿದ್ದೀಯೇ ಎಂದು ಸುಮ್ಮನೆ ಕೇಳಬೇಕು. ಅವಳು ಏನೂ ಹೇಳದಿದ್ದರೆ ಎಲ್ಲವೂ ಕಾಕತಾಳೀಯ, ನಾನು ನೆಮ್ಮದಿಯಾಗಿ ನಿದ್ದೆ ಮಾಡಬಹುದು.

ಒಂದು ಮಧ್ಯಾಹ್ನ ಹಾಗೆಯೇ ಕೂತೆ. ಸೂಜಿಯನ್ನು ನೀರಿನಲ್ಲಿ ಕುದಿಸಿ ಒರೆಸಿಕೊಂಡು, ಎಡಗಾಲನ್ನು ಮಡಿಲಿಗೆ ಎತ್ತಿಟ್ಟುಕೊಂಡು, ಸೂಜಿಯ ತುದಿಯನ್ನು ಹಿಮ್ಮಡಿಗೆ ತಾಗಿಸಿದೆ. ನನಗೆ ಸ್ವಲ್ಪವೂ ನೋವಾಗುವುದಿಲ್ಲ, ಅದು ಖಂಡಿತ ಗೊತ್ತಿತ್ತು. ಆ ಹೊತ್ತಿಗೆ ಪದ್ಮ ಮಕ್ಕಳನ್ನು ಮಲಗಿಸಿ ತಾನೂ ಒಂದಿಷ್ಟು ಕಾಲು ಚಾಚಿರುತ್ತಾಳೆ ಎಂಬುದೂ ಗೊತ್ತಿತ್ತು. ಚುಚ್ಚಲು ಕೈ ಬರಲಿಲ್ಲ.