ಎಡಗಡೆಯ ಉಸಿರು

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಕೆಲಸ ಮಾಡುವವರ ನಡುವೆ ಚಿತ್ರವಿಚಿತ್ರ ಕತೆಗಳು ಓಡಾಡುತ್ತಿರುತ್ತವೆ. ಅಂಥವನ್ನು ಹೇಳುವವರ ಎದುರೇ ನಕ್ಕುಬಿಡುತ್ತಿದ್ದವಳು ನಾನು. ದಣಿವು, ನಿದ್ದೆಗೇಡು, ಹೆದರಿಕೆ, ಅದರಾಚೆ ಏನೂ ಇಲ್ಲ ಎಂದು ನಂಬಿದ್ದೆ. ಈಗಲೂ ಹೆಚ್ಚುಕಡಿಮೆ ಹಾಗೇ ನಂಬಿದ್ದೇನೆ. ಆದರೆ ಈ ಒಂದು ಸಂಗತಿಯನ್ನು ಏನೆಂದುಕೊಳ್ಳಬೇಕೋ ತಿಳಿದಿಲ್ಲ.

ಆಗ ನಾನು ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯ ಆಂಬುಲೆನ್ಸಿನಲ್ಲಿ ಡಾಕ್ಟರಾಗಿದ್ದೆ. ಹುಬ್ಬಳ್ಳಿಯಿಂದ ಬಂದು ವರ್ಷವಾಗಿತ್ತಷ್ಟೆ. ಗಾಡಿ ಓಡಿಸುತ್ತಿದ್ದವರು ನಂಜಪ್ಪಣ್ಣ, ಹತ್ತಿರದ ಸಿಂಗಾಪುರ ಬಡಾವಣೆ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲೇ ಹುಟ್ಟಿದವರು. ಮಾತು ಕಡಿಮೆ, ಗಟ್ಟಿ ಜೀವ.

ಒಂದು ಮಧ್ಯಾಹ್ನ ಹೆಸರಘಟ್ಟದ ರಸ್ತೆಯಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುತ್ತಿದ್ದ ಬೈಕಿಗೆ ಟ್ರ್ಯಾಕ್ಟರ್ ಬಡಿದಿತ್ತು. ಬೈಕಿನವನಿಗೆ ಮೂವತ್ತೂ ಆಗಿರಲಿಲ್ಲ. ಹೊಲದಿಂದ ಓಡಿಬಂದ ಅವನ ಹೆಂಡತಿ ಮಣ್ಣುಗಾಲಲ್ಲೇ ಗಾಡಿ ಹತ್ತಿ, ಅವನ ಪಾದ ಹಿಡಿದು ಕುಳಿತಳು. "ಉಳ್ಕತಾರಾ ಅಮ್ಮಾ?" ಎಂದು ಕೇಳುತ್ತಲೇ ಇದ್ದಳು.

ಸ್ವಲ್ಪ ದೂರ ಬರುವಷ್ಟರಲ್ಲಿ ಅವನ ಉಸಿರು ಕೆಟ್ಟಿತು. ಮಾನಿಟರಿನಲ್ಲಿ ಆಕ್ಸಿಜನ್ ಇಳಿಯುತ್ತಿತ್ತು. ಕತ್ತಿನ ನರಗಳು ಉಬ್ಬಿದವು, ನಾಡಿ ಕೈಗೆ ಸಿಗದಂತಾಯಿತು. ಪೆಟ್ಟು ತಿಂದ ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನೊಳಗೆ ತುಂಬಿಕೊಂಡರೆ ಹೀಗಾಗುತ್ತದೆ, ಹೃದಯವೂ ಒತ್ತಿಹೋಗುತ್ತದೆ. ಆ ಬದಿಗೆ ದಪ್ಪ ಸೂಜಿ ಚುಚ್ಚಿ ಗಾಳಿಯನ್ನು ಹೊರಗೆ ಬಿಡಬೇಕು. ಆಸ್ಪತ್ರೆ ಸೇರುವವರೆಗೆ ಕಾಯುವ ಹಾಗಿಲ್ಲ.

ಆದರೆ ಯಾವ ಬದಿ? ಸೈರನ್ ಮತ್ತು ಇಂಜಿನ್ನಿನ ಗದ್ದಲದಲ್ಲಿ ಸ್ಟೆತೊಸ್ಕೋಪಿಗೆ ಏನೂ ಕೇಳಿಸುತ್ತಿರಲಿಲ್ಲ. ತರಚಿ ನೀಲಿಗಟ್ಟಿದ್ದು ಬಲಗಡೆ. ಅಲ್ಲೇ ಇರಬೇಕೆಂದುಕೊಂಡು ಚರ್ಮ ಒರೆಸಿ ಸೂಜಿ ಎತ್ತಿಕೊಂಡೆ. ತಪ್ಪಿದರೆ ಉಳಿದಿದ್ದ ಒಳ್ಳೆಯ ಶ್ವಾಸಕೋಶವೂ ಹೋಗುತ್ತಿತ್ತು.

ಅಷ್ಟರಲ್ಲಿ ಗಾಡಿ ಗಕ್ಕನೆ ರಸ್ತೆಬದಿಗೆ ನಿಂತಿತು. ಸೈರನ್, ಇಂಜಿನ್ ಎರಡೂ ಬಂದ್.

"ಯಾಕ್ರಿ ನಂಜಪ್ಪಣ್ಣ, ಏನಾತು?" ಎಂದು ಕೂಗಿದೆ.

ಮುಂದಿನ ಪುಟ್ಟ ಗಾಜು ಸರಿಯಿತು. ಅವರ ಮುಖ ಬೆವರಿನಲ್ಲಿ ತೊಯ್ದಿತ್ತು. "ಉಸ್ರು ಆಡ್ತಿಲ್ಲ ಡಾಕ್ಟ್ರಮ್ಮ. ಎಡಗಡೆ ಎದೆ ಇಡ್ಕಂಡೈತೆ." ಗಾಜು ಮುಚ್ಚಿತು. ಅವರು ಬಾಗಿಲು ತೆಗೆದು ಇಳಿದು, ಎಡ ಎದೆಯನ್ನು ಅಂಗೈಯಲ್ಲಿ ಒತ್ತಿಕೊಂಡು, ತುಸು ದೂರದ ಹೊಂಗೆಮರಕ್ಕೆ ಒರಗಿ ಕುಸಿದದ್ದು ಪಕ್ಕದ ಕಿಟಕಿಯಲ್ಲಿ ಕಾಣಿಸಿತು.

ಹಾರ್ಟ್ ಅಟ್ಯಾಕ್ ಎಂದೇ ಎಣಿಸಿದೆ. ಇಬ್ಬರು ರೋಗಿಗಳು, ಗಾಡಿ ಓಡಿಸಲು ಯಾರೂ ಇಲ್ಲ. ಯಾಕೆಂದು ಹೇಳಲಾರೆ, ಅವರ ಆ ಅಂಗೈಯನ್ನು ನೋಡಿದವಳೇ ಸ್ಟೆತೊಸ್ಕೋಪನ್ನು ಮತ್ತೆ ರೋಗಿಯ ಎದೆಗಿಟ್ಟೆ. ಆ ನಿಶ್ಶಬ್ದದಲ್ಲಿ ಬಲಗಡೆ ಉಸಿರು ಸ್ಪಷ್ಟವಾಗಿ ಕೇಳಿಸಿತು. ಎಡಗಡೆ ಏನೂ ಇಲ್ಲ.

ಎಡಕ್ಕೆ ಚುಚ್ಚಿದೆ. ಗಾಳಿ ಸುಯ್ ಎಂದು ನನ್ನ ಬೆರಳಿಗೆ ತಾಗಿತು. ಮಾನಿಟರಿನ ಅಂಕಿ ಏರತೊಡಗಿತು. ಅವನ ಹೆಂಡತಿ ಬಾಯಿಗೆ ಸೆರಗೊತ್ತಿಕೊಂಡು ಅತ್ತಳು. ಮರದ ಕಡೆ ಓಡಲೆಂದು ನಾನು ಹಿಂಬಾಗಿಲು ತೆಗೆದರೆ, ನಂಜಪ್ಪಣ್ಣ ಅಲ್ಲೇ ಬಂದು ನಿಂತಿದ್ದರು.

"ಬುಡ್ತು ಡಾಕ್ಟ್ರಮ್ಮ. ಓಗಣ."

ಬೇರೆ ಗಾಡಿ ಕರೆಸೋಣವೆಂದರೆ ಕೇಳಲಿಲ್ಲ.

ಆ ಮನುಷ್ಯ ಬದುಕಿದ. ನಂಜಪ್ಪಣ್ಣನ ಇಸಿಜಿ, ರಕ್ತಪರೀಕ್ಷೆ ಎಲ್ಲವೂ ಸರಿಯಿದ್ದವು. "ಗ್ಯಾಸ್ಟ್ರಿಕ್ ಇರ್ಬೇಕು ಕಣಮ್ಮ," ಎಂದರು ನಮ್ಮ ಹಿರಿಯ ಡಾಕ್ಟರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಸಂಜೆ ನಂಜಪ್ಪಣ್ಣನ ಜೊತೆ ಟೀ ಕುಡಿಯುತ್ತಾ, ಆಗ ಹೇಗಾಯಿತೆಂದು ಕೇಳಿದೆ.

"ಇಂಗೇ ಅಂತ ಏಳಕ್ಕಾಗಲ್ಲ. ಎದೆ ಒಳ್ಗೆ ಯಾರೋ ಟ್ಯೂಬಿಗೆ ಗಾಳಿ ತುಂಬ್ದಂಗೆ. ಆಮೇಲೆ ಸುಯ್ ಅಂತ ಸದ್ದಾಯ್ತು, ಅಗುರಾಯ್ತು."

ಸೂಜಿಯ ಸದ್ದಿನ ಬಗ್ಗೆ ನಾನು ಯಾರಿಗೂ ಹೇಳಿರಲಿಲ್ಲ. "ಸದ್ದು ಎಲ್ಲಿಂದ ಬಂತ್ರಿ?" ಎಂದೆ.

ಅವರು ಅಂಗಿಯ ಮೇಲಿಂದಲೇ ಪಕ್ಕೆಲುಬುಗಳ ನಡುವೆ ಒಂದು ಬೆರಳಿಟ್ಟು ತೋರಿಸಿದರು. ನಾನು ಆ ಮನುಷ್ಯನಿಗೆ ಸೂಜಿ ಚುಚ್ಚಿದ್ದು ಅಲ್ಲಿಯೇ.

ಅವರಿಗೆ ಮತ್ತೆಂದೂ ಹಾಗಾಗಲಿಲ್ಲ. ಆ ಮಧ್ಯಾಹ್ನ ರೋಗಿಯ ದೇಹದಲ್ಲಿ ಏನಾಯಿತೆಂದು ಯಾರು ಕೇಳಿದರೂ ವಿವರಿಸಬಲ್ಲೆ. ನಂಜಪ್ಪಣ್ಣನಿಗೆ ಏನಾಯಿತೆಂದು ಕೇಳಿದರೆ, ಅವರು ಬೆರಳಿಟ್ಟ ಜಾಗವನ್ನಷ್ಟೇ ತೋರಿಸಬಲ್ಲೆ.